ಹದಿನೆಂಟು ಪೆಟ್ಟಿಗೆಗಳ ಸಕ್ಕರೆ

ಸುದ್ದಿ ಬಂದಾಗ ಸೊಸೆ ಅಡುಗೆಮನೆಯ ಹೊಸಿಲ ಬಳಿ ಕೂತು ಬಟಾಣಿ ಸುಲಿಯುತ್ತಿದ್ದಳು. ಫೋನು ಮೊರದೊಳಗೇ, ಸಿಪ್ಪೆಗಳ ನಡುವೆ ಬಿದ್ದಿತ್ತು. ಎತ್ತಿ ಓದಿದಳು. ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿ ಮತ್ತೊಮ್ಮೆ ಓದಿದಳು. ಆಮೇಲೆ ಕಾಳನ್ನೂ ಸಿಪ್ಪೆಯನ್ನೂ ಒಂದೇ ಪಾತ್ರೆಗೆ ಸುರಿದುಬಿಟ್ಟಳು.

"ಏನಾಯ್ತೇ ನಿಂಗೆ?" ಎಂದಳು ಅತ್ತೆ.

"ನಮ್ಮ ಜೇನನ್ನ ಕೊಳ್ಳೋರ ದೇಶದ ಬಂದರಲ್ಲಿ ತಡೆದಿದಾರೆ, ಅತ್ತೆ. ಪರೀಕ್ಷೆ ಮಾಡಿದ್ರಂತೆ. ಸಕ್ಕರೆ ಸಿಕ್ಕಿದೆಯಂತೆ."

ಅಂಗಳದಲ್ಲಿ ಕೂತು ಜೇನುಪೆಟ್ಟಿಗೆಯ ಚೌಕಟ್ಟಿಗೆ ತಂತಿ ಬಿಗಿಯುತ್ತಿದ್ದ ಅವಳ ಮಾವ ಜೇನಜ್ಜನಿಗೆ ಈ ಮಾತು ಸ್ಪಷ್ಟವಾಗಿ ಕೇಳಿಸಿತು. ಅವನು ಎದ್ದು ಒಳಗೆ ಬರಬೇಕಾಗಿತ್ತು, ಏನು ಎತ್ತ ಎಂದು ಕೇಳಬೇಕಾಗಿತ್ತು. ಏಳಲಿಲ್ಲ. ಆಗಲೇ ಬಿಗಿದಿದ್ದ ತಂತಿಯನ್ನು ಇನ್ನೊಂದು ಸುತ್ತು ಬಿಗಿದ. ಅದು ಟಣ್ಣೆಂದು ತುಂಡಾಯಿತು.

ಜೇನಜ್ಜ ಎಂದರೆ ಸುತ್ತಲ ಹತ್ತೂರಿಗೆ ಗೊತ್ತು. ಮೀಸೆ ಮೂಡುವ ಮೊದಲಿಂದ ಹುಳಗಳ ಜೊತೆ ಬಾಳಿದವನು. "ನನ್ನನ್ನ ಕಟ್ಕೊಂಡಿದ್ದು ಇವರಿಗೆ ಎರಡನೇ ಸಂಬಂಧ. ಮೊದಲನೇದು ಪೆಟ್ಟಿಗೆಗಳ ಜೊತೆ ಆಗಿಹೋಗಿತ್ತು" ಎಂದು ಹೆಂಡತಿ ಬಂದವರ ಮುಂದೆಲ್ಲ ನಗುತ್ತಿದ್ದಳು. ಯಾರ ಮನೆಯ ಪೆಟ್ಟಿಗೆಯಲ್ಲಿ ರಾಣಿ ಸತ್ತರೂ, ಯಾರ ಹುಳ ಮುನಿಸಿಕೊಂಡು ಮರ ಹತ್ತಿದರೂ ಅವನಿಗೇ ಕರೆ ಬರುತ್ತಿತ್ತು.

ಊರಿನ ಹದಿನಾಲ್ಕು ಮನೆಯವರು ಸೇರಿ ಜೇನಿನ ಸಂಘ ಕಟ್ಟಿಕೊಂಡು ಎರಡು ವರ್ಷವಾಗಿತ್ತು. ಗಿರಣಿಯವನು ಅಧ್ಯಕ್ಷ, ಯಾಕೆಂದರೆ ಅವನ ಅಂಗಳ ದೊಡ್ಡದು. ಜೇನಜ್ಜನ ಸೊಸೆ ಕಾರ್ಯದರ್ಶಿ, ಯಾಕೆಂದರೆ ಹೊರದೇಶದ ಕಾಗದ ಓದಬಲ್ಲವಳು ಅವಳೊಬ್ಬಳೇ. ಕಡಲಾಚೆಯ ವ್ಯಾಪಾರಿಯೊಬ್ಬ ಊರಿನ ಜೇನನ್ನೆಲ್ಲ ತಾನೇ ಕೊಳ್ಳುತ್ತೇನೆಂದಾಗ, ಅವಳು ಕರಾರು ಪತ್ರವನ್ನು ಹನ್ನೆರಡು ದಿನ ಮುಂದಿಟ್ಟುಕೊಂಡು ಓದಿ, ಒಂದು ಸಂಜೆ ಎಲ್ಲರನ್ನೂ ಗಿರಣಿ ಅಂಗಳಕ್ಕೆ ಕರೆಸಿ, ಒಂದೊಂದೇ ಷರತ್ತನ್ನು ಬಿಡಿಸಿ ಹೇಳಿದ್ದಳು.

"ಹೂವಿನ ಕಾಲದಲ್ಲಿ ಹುಳಕ್ಕೆ ಸಕ್ಕರೆ ನೀರು ಕೊಡೋ ಹಾಗಿಲ್ಲ. ಕೊಡಲೇಬೇಕಾಗಿ ಬಂದ್ರೆ ಪೆಟ್ಟಿಗೆ ಮೇಲೆ ಕೆಂಪು ಗೀಟು ಎಳೀರಿ. ಗೀಟು ಎಳೆದ ಪೆಟ್ಟಿಗೆ ಜೇನು ಈ ಸಲ ಸಂಘಕ್ಕೆ ಬೇಡ. ಕೊಟ್ಟೂ ಕೊಟ್ಟಿಲ್ಲ ಅಂತ ಬರೆದ್ರೆ ಅವರ ದೇಶದಲ್ಲಿ ಅದು ಬರೀ ನಷ್ಟ ಅಲ್ಲ, ಅಪರಾಧ."

"ನಮ್ಮ ಅಂಗಳ ದಾಟಿದ ಮೇಲೆ ಸರಕು ಅವರದಲ್ವೇನಮ್ಮ?" ಎಂದಿದ್ದ ಗಿರಣಿಯವನು.

"ಅಲ್ಲೇ ಇರೋದು ಕೊಕ್ಕೆ. ಹಡಗು ಹತ್ತಿ, ಅವರ ಬಂದರಲ್ಲಿ ಇಳಿದು, ಅವರ ಲ್ಯಾಬಲ್ಲಿ ಪಾಸಾಗೋವರೆಗೂ ನಮ್ಮದೇ. ಜಗಳ ಬಂದ್ರೆ ತೀರ್ಮಾನ ಅವರ ಊರಲ್ಲಿ, ಅವರ ಕಾನೂನಿನ ಪ್ರಕಾರ."

"ಹೆಣ್ಣೂ ನಮ್ಮದೇ, ಪಂಚಾಯ್ತಿ ಮಾತ್ರ ಬೀಗರ ಜಗುಲೀಲಿ ಅನ್ನು!" ಎಂದ ಜೇನಜ್ಜ. ಅಂಗಳವೆಲ್ಲ ನಕ್ಕಿತು.

"ಮಾವ, ಇದು ನಗೋ ಮಾತಲ್ಲ."

"ನಗದೆ ಇನ್ನೇನಮ್ಮ? ಜೇನನ್ನ ನಾಲಗೆ ಮೇಲಿಟ್ರೆ ಗೊತ್ತಾಗುತ್ತೆ, ಕಾಗದದ ಮೇಲಿಟ್ರೆ ಏನು ಗೊತ್ತಾಗುತ್ತೆ? ನನ್ನ ಹುಳ ಇವತ್ತಿನವರೆಗೆ ಹೂವಿನ ಕಾಲದಲ್ಲಿ ಸಕ್ಕರೆ ಮುಖ ಕಂಡಿಲ್ಲ. ಸಾಕೋಕೆ ಬಾರದವರು ಸಕ್ಕರೆ ಕೊಡ್ತಾರೆ." ಹಾಗೆಂದವನು ಮೂಲೆಯಲ್ಲಿ ಕೂತಿದ್ದ ಮೂರ್ಪೆಟ್ಟಿಗೆಯಾಕೆಯ ಕಡೆ ಕಣ್ಣು ಹಾಯಿಸಿದ್ದ. ಬಸ್ ನಿಲ್ದಾಣದಲ್ಲಿ ಚಹಾದಂಗಡಿ ಇಟ್ಟುಕೊಂಡ ಒಂಟಿ ಹೆಂಗಸು ಅವಳು. ಸಂಘದಲ್ಲಿ ಅವಳದು ಬರೀ ಮೂರೇ ಪೆಟ್ಟಿಗೆ. ಅದಕ್ಕೇ ಆ ಹೆಸರು. ಚಹಾದಂಗಡಿ ಎಂದ ಮೇಲೆ ಸಕ್ಕರೆ ಚೀಲ ಇದ್ದೇ ಇರುತ್ತದಲ್ಲ, ಎಲ್ಲರೂ ಅವಳತ್ತ ತಿರುಗಿ ಇನ್ನೊಮ್ಮೆ ನಕ್ಕರು. ಅವಳೂ ನಕ್ಕಳು, ಬೇರೇನು ಮಾಡಬೇಕೆಂದು ತೋಚದೆ.

ಆ ವರ್ಷ ಹೂವು ಬಿಟ್ಟ ನಾಲ್ಕನೇ ದಿನಕ್ಕೇ ಮಳೆ ಹಿಡಿಯಿತು. ಹನ್ನೊಂದು ದಿನ ಬಿಡಲಿಲ್ಲ. ಕೆಳಗಿನ ತೋಟದ ಹದಿನೆಂಟು ಪೆಟ್ಟಿಗೆಗಳನ್ನು ಜೇನಜ್ಜ ತೆರೆದು ನೋಡಿದಾಗ ಎರಿಗಳು ಬರಿದಾಗಿದ್ದವು. ಹುಳಗಳು ಕಾಲೆಳೆಯುತ್ತ ನಡೆಯುತ್ತಿದ್ದವು, ತಳದ ಹಲಗೆಯ ಮೇಲೆ ಸತ್ತವು ಹಾಸಿಬಿದ್ದಿದ್ದವು. ಸೊಸೆ ಗಿರಣಿಗೆ ಹೋಗಿದ್ದ ಹೊತ್ತು ನೋಡಿ, ಮನೆಯ ಡಬ್ಬದಲ್ಲಿದ್ದ ಸಕ್ಕರೆಯನ್ನೆಲ್ಲ ಸುರಿದು, ಸಾಲದ್ದಕ್ಕೆ ದೂರದ ಪೇಟೆಯಿಂದ ಚೀಲ ತರಿಸಿ ಪಾಕ ಕಾಯಿಸಿದ. ಹದಿನೆಂಟಕ್ಕೂ ಕೊಟ್ಟ. ಆರು ದಿನ ಕೊಟ್ಟ.

ಹಸಿದ ಜೀವಕ್ಕೆ ಕೊಟ್ಟದ್ದು ತಪ್ಪಲ್ಲ. ತಪ್ಪು ನಡೆದದ್ದು ಆಮೇಲೆ. ಕೆಂಪು ಬಣ್ಣದ ಡಬ್ಬಿ, ಕುಂಚ ಎರಡನ್ನೂ ಅವನು ತೋಟಕ್ಕೆ ಒಯ್ದಿದ್ದ. ಮೊದಲ ಪೆಟ್ಟಿಗೆಯ ಮುಂದೆ ಕುಂಚ ಹಿಡಿದು ನಿಂತವನಿಗೆ ಗಿರಣಿ ಅಂಗಳದ ನಗು ಕೇಳಿಸಿತು. ಹದಿನೆಂಟು ಗೀಟು ಎಂದರೆ ದಾರಿಹೋಕರೆಲ್ಲ ನಿಂತು ಎಣಿಸುತ್ತಾರೆ. ಡಬ್ಬಿಯ ಮುಚ್ಚಳ ತೆರೆಯದೆಯೇ ಮನೆಗೆ ಬಂದ. ಆಮೇಲೆ ಬಿಸಿಲು ಬಂತು, ಹೂವು ಮತ್ತೆ ಅರಳಿತು, ಪೆಟ್ಟಿಗೆಗಳು ತುಂಬಿದವು. ಜೇನು ತೆಗೆದು ಬೇರೆ ಮನೆಯವರದರ ಜೊತೆ ಸಂಘದ ತೊಟ್ಟಿಗೆ ಸುರಿದ. ಪೆಟ್ಟಿಗೆ ಪುಸ್ತಕದಲ್ಲಿ 'ಸಕ್ಕರೆ ಕೊಟ್ಟಿಲ್ಲ' ಎಂಬ ಸಾಲಿನ ಮುಂದೆ ಹದಿನೆಂಟು ಸಲ ರುಜು ಹಾಕಿದ. ಆ ಪುಸ್ತಕ ನಂಬಿ ಸೊಸೆ ಇಡೀ ಸಂಘದ ಪರವಾಗಿ ಮುಚ್ಚಳಿಕೆ ಬರೆದುಕೊಟ್ಟಳು. ಅದರ ಕೆಳಗಿದ್ದದ್ದು ಅವಳೊಬ್ಬಳ ಸಹಿ.

ಮಗ ಹಾಲಿನ ಟ್ಯಾಂಕರು ಓಡಿಸುವವನು. ಸುದ್ದಿ ಬಂದ ದಿನ ಮಧ್ಯಾಹ್ನ ಊಟಕ್ಕೆ ಬಂದವನು ತಟ್ಟೆಯ ಮುಂದೆಯೇ ಶುರುಮಾಡಿದ.

"ನಿಂಗೆ ಯಾಕೆ ಬೇಕಿತ್ತು ಇದು? ಹದಿನಾಲ್ಕು ಮನೆ ಜೇನಿಗೆ ನೀನೊಬ್ಬಳು ಸಹಿ! ಓದು ಬರುತ್ತೆ ಅಂದ ತಕ್ಷಣ ಕುತ್ತಿಗೆ ಕೊಟ್ಟುಬಿಡೋದಾ?"

"ಯಾರಾದ್ರೂ ಹಾಕಬೇಕಿತ್ತು."

"ಈಗ ಏನಂತೆ ಅವರದು?"

"ಪೀಪಾಯಿ ಪೀಪಾಯೀನೂ ಪರೀಕ್ಷೆ ಮಾಡಿದಾರೆ. ನಲವತ್ತರಲ್ಲಿ ನಾಲ್ಕರಲ್ಲಿ ಮಾತ್ರ ಸಕ್ಕರೆ. ಒಂಬತ್ತರಿಂದ ಹನ್ನೆರಡನೇ ನಂಬರಿನವು. ಅದು ಯಾರದು, ಹೇಗೆ ಸೇರ್ತು ಅಂತ ಮೂರು ವಾರದಲ್ಲಿ ನಿಜ ಬರೆದು ಕೊಟ್ರೆ ಆ ನಾಲ್ಕನ್ನ ಸುಟ್ಟು ಮಿಕ್ಕಿದ್ದು ತಗೋತಾರಂತೆ. ಕೊಡದಿದ್ರೆ ನಲವತ್ತೂ ಹೋಯ್ತು. ಸಂಘಕ್ಕೆ ಆ ದೇಶದ ಬಾಗಿಲು ಮುಚ್ತು. ಕೇಸು ನನ್ನ ಹೆಸರಲ್ಲಿ."

ಜೇನಜ್ಜ ರೊಟ್ಟಿ ಮುರಿದ. ಮುರಿದ ತುಂಡನ್ನು ಇನ್ನೂ ಚಿಕ್ಕದಾಗಿ ಮುರಿದ.

"ಅತ್ತೆ," ಎಂದಳು ಸೊಸೆ, ಸೊಪ್ಪಿನ ಪಲ್ಯ ಬಡಿಸುತ್ತ, "ಮಳೆ ಹಿಡಿದಾಗ ನಮ್ಮ ಸಕ್ಕರೆ ಡಬ್ಬ ಖಾಲಿಯಾಗಿತ್ತಲ್ಲ, ಯಾಕೆ?"

ಅತ್ತೆ ಗಂಡನ ಮುಖ ನೋಡಲಿಲ್ಲ. "ಇರುವೆ ಹತ್ತಿತ್ತು. ಚೆಲ್ಲಿದೆ."

"ಅಷ್ಟೂನಾ?"

"ಇರುವೆ ಪಾಲು ಕೇಳಿಕೊಂಡು ಹತ್ತುತ್ತಾ? ಅಷ್ಟೂ."

ಸೊಸೆ ಮುಂದೆ ಕೇಳಲಿಲ್ಲ. ಅವಳಿಗೆ ಅನುಮಾನವೇ ಇರಲಿಲ್ಲ, ಎಲ್ಲರ ಮನೆಯನ್ನೂ ಕೇಳಬೇಕಾದವಳು ತನ್ನ ಮನೆಯಿಂದ ಶುರುಮಾಡಿದ್ದಳು, ಅಷ್ಟೇ.

ಮಾರನೇ ದಿನ ಗಿರಣಿ ಅಂಗಳದಲ್ಲಿ ಸಭೆ ಸೇರಿತು. ಸಂಘದ ತೊಟ್ಟಿ ಒಮ್ಮೆ ತುಂಬಿದರೆ ನಾಲ್ಕು ಪೀಪಾಯಿ. ಒಂಬತ್ತರಿಂದ ಹನ್ನೆರಡು ತುಂಬಿದ ದಿನ ಜೇನು ತಂದವರು ನಾಲ್ಕು ಮನೆಯವರು: ಗಿರಣಿಯವನು, ಅವನ ಭಾವಮೈದುನ, ಜೇನಜ್ಜ, ಮೂರ್ಪೆಟ್ಟಿಗೆಯಾಕೆ. ಸೊಸೆ ಪುಸ್ತಕ ನೋಡಿ ನಾಲ್ಕು ಹೆಸರು ಓದಿ ಮುಗಿಸುವಷ್ಟರಲ್ಲಿ ಹದಿಮೂರು ಮನೆಯವರ ಕಣ್ಣು ಒಂದೇ ಕಡೆ ನೆಟ್ಟಿತ್ತು.

"ನಾನು ಹಾಕಿಲ್ಲ," ಎಂದಳು ಮೂರ್ಪೆಟ್ಟಿಗೆಯಾಕೆ. ಅವಳನ್ನು ಇನ್ನೂ ಯಾರೂ ಕೇಳಿರಲಿಲ್ಲ.

"ಕೇಳೋ ಮೊದಲೇ ಹೆಗಲು ಮುಟ್ಟಿ ನೋಡ್ಕೊಂಡ್ಳು, ನೋಡ್ರಪ್ಪ!" ಎಂದ ಭಾವಮೈದುನ.

"ಅಂಗಡೀಲಿ ಸಕ್ಕರೆ ಚೀಲ, ಹಿತ್ತಿಲಲ್ಲಿ ಹಸಿದ ಹುಳ. ಯಾರಿಗಾದ್ರೂ ಕೈ ಹೋಗುತ್ತೆ," ಎಂದ ಗಿರಣಿಯವನು, ಕನಿಕರಪಡುವವನಂತೆ. "ಒಪ್ಕೊಂಡ್ಬಿಡಕ್ಕ. ಬರೆದು ಕಳಿಸ್ತೀವಿ, ಊರು ಉಳೀತದೆ."

"ಮಾಡದೇ ಇದ್ದಿದ್ದನ್ನ ಹೇಗಪ್ಪ ಒಪ್ಕೊಳ್ಳಲಿ? ಜೇನಜ್ಜನ್ನ ಕೇಳಿ. ಮಳೆ ನಿಂತ ಮೇಲೆ ನನ್ನ ಪೆಟ್ಟಿಗೆ ನೋಡೋಕೆ ಬಂದಿದ್ರು. ಹೇಳಿ ಅಜ್ಜ, ನನ್ನ ಹುಳ ಹೇಗಿದ್ವು?"

ಎಲ್ಲರೂ ಅವನತ್ತ ತಿರುಗಿದರು. ಅವಳ ಹುಳ ಚೆನ್ನಾಗಿದ್ದವು. ಹೂವಿಗೆ ಮೊದಲೇ ಎರಿಯಲ್ಲಿ ಜೇನು ಉಳಿಸಿದ್ದಳು, ಮಳೆಯಲ್ಲಿ ಅವು ಅದನ್ನೇ ತಿಂದು ಬದುಕಿದ್ದವು. ಈಚಿನವರಲ್ಲಿ ಯಾರಿಗೂ ಇಲ್ಲದ ಬುದ್ಧಿ ಈಕೆಗಿದೆ ಎಂದು ಅವನಿಗೆ ಆಗಲೇ ಅನಿಸಿತ್ತು.

"ಸರಿಯಾಗಿ ನೆನಪಿಲ್ಲಮ್ಮ," ಎಂದ ಜೇನಜ್ಜ.

ತೀರ್ಮಾನವಾಗುವ ತನಕ ಅವಳ ಮೂರು ಪೆಟ್ಟಿಗೆ ಅವಳ ಬಳಿ ಇರಬಾರದು ಎಂದಾಯಿತು. ಎಲ್ಲಿಡುವುದು? ಹುಳ ಬಲ್ಲವನ ಹತ್ತಿರವೇ ಇರಲಿ ಎಂದರು. ಸಂಜೆ ಇಬ್ಬರು ಗಾಡಿಯಲ್ಲಿ ತಂದು ಜೇನಜ್ಜನ ಹಿತ್ತಿಲಲ್ಲಿ ಇಳಿಸಿ ಹೋದರು.

ಅವಳ ಮನೆಗೂ ಇವನ ಹಿತ್ತಿಲಿಗೂ ನಡುವೆ ಎರಡೇ ಬೀದಿ. ಅಷ್ಟು ಹತ್ತಿರದಲ್ಲಿ ಪೆಟ್ಟಿಗೆಯ ಜಾಗ ಬದಲಿಸಿದರೆ ಹುಳಗಳಿಗೆ ತಿಳಿಯುವುದಿಲ್ಲ, ಹೂವಿಗೆ ಹೋದವು ಹಳೆಯ ಜಾಗಕ್ಕೇ ಮರಳುತ್ತವೆ. ಇದು ಜೇನಜ್ಜನಿಗೆ ಗೊತ್ತಿತ್ತು. ಆ ಸಭೆಯಲ್ಲಿ ಹೇಳಲು ಮಾತ್ರ ಬಾಯಿ ಬಂದಿರಲಿಲ್ಲ. ಮಾರನೇ ದಿನ ಹೊತ್ತು ಇಳಿಯುವಾಗ ಮೂರ್ಪೆಟ್ಟಿಗೆಯಾಕೆ ಬೇಲಿಯ ಹೊರಗೆ ಬಂದು ನಿಂತಳು. ಕೈಯಲ್ಲಿ ತೆಳು ಬಟ್ಟೆ ಕಟ್ಟಿದ ಮಡಕೆ. ಒಳಗೆ ಗುಂಯ್ ಎನ್ನುತ್ತಿತ್ತು.

"ಬಂದ್ಬಿಟ್ಟಿದ್ವು ಅಜ್ಜ, ನಮ್ಮನೆಗೆ. ಪೆಟ್ಟಿಗೆ ಇದ್ದ ಕಲ್ಲಿನ ಮೇಲೆ ಮುದ್ದೆಯಾಗಿ ಕೂತಿದ್ವು. ಕತ್ತಲಾದ್ರೆ ಚಳಿಗೆ ಸಾಯ್ತವೆ. ಇವನ್ನ ಒಳಗೆ ಬಿಡಿ."

ಅವನು ಮಡಕೆ ತೆಗೆದುಕೊಂಡ. ಅವಳು ಬೇಲಿಯ ಮೇಲಿಂದ ಕತ್ತು ಚಾಚಿದಳು. "ನಡುವಿನ ಪೆಟ್ಟಿಗೆ ರಾಣಿ ಹೊಸದು. ಹೊಗೆ ಜಾಸ್ತಿ ಹಾಕಬೇಡಿ. ನಿಮಗೆ ನಾನು ಹೇಳೋದಾ... ಬಾಯಿ ತಪ್ಪಿ ಬಂತು."

"ಒಳಗೆ ಬಾರೇ," ಎಂದು ಕರೆದಳು ಜೇನಜ್ಜನ ಹೆಂಡತಿ.

"ಬೇಡಕ್ಕ. ಬಂದ್ರೆ ಅದಕ್ಕೊಂದು ಮಾತು ಹುಟ್ಟುತ್ತೆ."

ಹೀಗೆ ದಿನವೂ ಬಂದಳು. ಒಂದು ವಾರವಾದರೂ ಮಡಕೆ ನಿಲ್ಲಲಿಲ್ಲ, ಒಳಗಿನ ಗುಂಯ್ ಮಾತ್ರ ದಿನದಿನಕ್ಕೆ ಕಡಿಮೆಯಾಗುತ್ತ ಬಂತು. ಹುಳ ಬಿಡಲು ಒಂದು ಪೆಟ್ಟಿಗೆ ತೆರೆದಾಗ ಜೇನಜ್ಜ ಮುಚ್ಚಳದ ಒಳಮೈ ಕಂಡ. ಅವಳಿಗೆ ಬರೆಯಲು ಬಾರದು. ಸಕ್ಕರೆ ಕೊಟ್ಟ ದಿನಕ್ಕೊಂದು ಇದ್ದಿಲ ಗೆರೆ. ಹೂವು ಬಿಟ್ಟ ದಿನದ ಗುರುತಿಗೆ ಒಂದು ಸೊನ್ನೆ. ಸೊನ್ನೆಯ ಆಚೆಗೆ ಒಂದು ಗೆರೆಯೂ ಇರಲಿಲ್ಲ. ಮೂರು ಮುಚ್ಚಳದಲ್ಲೂ ಹಾಗೆಯೇ ಇತ್ತು. ಮುಚ್ಚಳವನ್ನು ಅವನು ಮೊದಲಿದ್ದ ಹಾಗೆಯೇ ಮುಚ್ಚಿಟ್ಟ.

ಎರಡನೇ ವಾರ ಸೊಸೆ ಪೇಟೆಯ ವಕೀಲನ ಹತ್ತಿರ ಹೊರಟಳು. ಪುಸ್ತಕಗಳ ಚೀಲ ಭಾರವೆಂದು ಮಾವ ಜೊತೆಗೆ ಹೋದ. ಅವರು ಹೋದಾಗ ವಕೀಲ ಊಟದ ಡಬ್ಬಿ ಬಿಚ್ಚಿದ್ದ. ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದರಲ್ಲಿ ಹಾಳೆ ತಿರುವಿದ.

"ನೋಡಮ್ಮ, ಗೊತ್ತಿಲ್ಲದೆ ಸುಳ್ಳಿಗೆ ಸಹಿ ಹಾಕಿದ್ರೆ ಅದು ತಪ್ಪು. ಗೊತ್ತಿದ್ದೂ ಹಾಕಿದ್ರೆ ಮೋಸ. ಮೊದಲನೇದನ್ನ ಅವರು ಮನ್ನಿಸಬಹುದು. ಎರಡನೇದನ್ನ ಮನ್ನಿಸಲ್ಲ. ಈಗ ನೀನು ಕಳಿಸೋ ಹೇಳಿಕೆ ಇದೆಯಲ್ಲ, ಅದರಲ್ಲಿ ಒಂದು ಅಕ್ಷರ ಸುಳ್ಳಿದ್ರೂ ಹಿಂದಿನದೂ ಬೇಕೂಂತಲೇ ಹೇಳಿದ್ದು ಅಂತಾರೆ. ಸಂಘದವರು ಏನಂತಾರೆ?"

"ಮೂರು ಪೆಟ್ಟಿಗೆ ಇರೋ ಒಬ್ಬರ ಮೇಲೆ ಹಾಕಿ ಬರಿ ಅಂತಾರೆ."

ವಕೀಲ ತುತ್ತನ್ನು ಕೈಯಲ್ಲೇ ಹಿಡಿದು ನಕ್ಕ. "ಮೂರು ಪೆಟ್ಟಿಗೆ ಜೇನು ನಾಲ್ಕು ಪೀಪಾಯಿ ಕೆಡಿಸುತ್ತಾ? ಕೊಡ ಹಾಲು ಕೆರೆ ಬೆಳ್ಳಗೆ ಮಾಡಿತಂತೆ! ಅಲ್ಲಿಯವರು ಲೆಕ್ಕ ಬಲ್ಲವರು. ಹದಿನೈದಿಪ್ಪತ್ತು ಪೆಟ್ಟಿಗೆ ಇಲ್ಲದೆ ಇದು ಆಗಲ್ಲ. ಆ ದಿನ ಅಷ್ಟು ತಂದವರು ಯಾರು?" ಅವನು ಜೇನಜ್ಜನತ್ತ ನೋಡಿದ. "ಯಜಮಾನರೇ, ನಿಮ್ಮದು ಎಷ್ಟು?"

"ಹದಿನೆಂಟು."

"ಸಕ್ಕರೆ ಕೊಟ್ಟಿದ್ರಾ?"

ಕಿಟಕಿಯಾಚೆ ಬಸ್ಸೊಂದು ಹಾರ್ನ್ ಹೊಡೆಯಿತು. "ಇಲ್ಲ," ಎಂದ ಜೇನಜ್ಜ.

"ನಮ್ಮ ಮಾವ ಆ ವಿಷಯದಲ್ಲಿ ಚಿನ್ನ," ಎಂದಳು ಸೊಸೆ ತಟ್ಟನೆ. "ಬೇಕಿದ್ರೆ ನಾನೇ ಅವರ ಪರವಾಗಿ ಬರೆದುಕೊಡ್ತೀನಿ."

ವಕೀಲ ಹಾಳೆಯ ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡು ಡಬ್ಬಿ ಮುಚ್ಚಿದ. "ಬರೆದುಕೊಡೋ ಮೊದಲು ಇನ್ನೊಂದು ಸಲ ಯೋಚನೆ ಮಾಡು ತಾಯಿ. ಒಂದು ಸಲ ಬರೆದುಕೊಟ್ಟೇ ಇಲ್ಲಿಗೆ ಬಂದಿದೀಯ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೊಸೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಪುಸ್ತಕ ತೆಗೆದು ಆ ದಿನದ ಪುಟ ನೋಡಿದಳು. ಗಿರಣಿಯವನು ಐದು, ಭಾವಮೈದುನ ನಾಲ್ಕು, ಮೂರು, ಹದಿನೆಂಟು. ಬೆರಳು ಹದಿನೆಂಟರ ಮೇಲೆ ನಿಂತಿತು. ಆಮೇಲೆ ಪುಸ್ತಕ ಮುಚ್ಚಿ ಹೊರಗೆ ನೋಡುತ್ತ ಕೂತಳು. ಇಳಿಯುವಾಗ ಎಂದಿನಂತೆ ಮಾವನ ಕೈ ಹಿಡಿದು ಇಳಿಸಿದಳು. ಇಳಿದ ಕೂಡಲೇ ಕೈ ಬಿಟ್ಟಳು.

ಅಂದಿನಿಂದ ಆ ಮನೆಯ ಊಟದ ಕ್ರಮ ಕೆಟ್ಟಿತು. ಸೊಸೆ ಬಡಿಸುತ್ತಿದ್ದಳು, 'ಇನ್ನೊಂದು ರೊಟ್ಟಿ ಹಾಕ್ಲಾ ಮಾವ' ಎಂದು ಕೇಳುತ್ತಿರಲಿಲ್ಲ. ಜೇನಜ್ಜ ಹಸಿವಿಲ್ಲವೆಂದು ತೋಟದಲ್ಲೇ ಉಳಿಯುತ್ತಿದ್ದ. ಗಿರಣಿ ಬೀದಿ ಬಿಟ್ಟು ಹಿಂದಿನ ಕೊರಕಲಿನಲ್ಲಿ ಸುತ್ತಿ ಬರುತ್ತಿದ್ದ. ರಾಣಿ ಸತ್ತಿದೆ ಬನ್ನಿ ಎಂದು ಯಾರೋ ಕರೆದರೆ ಸೊಂಟನೋವು ಎಂದ.

ಒಂದು ಮಧ್ಯಾಹ್ನ ಹೆಂಡತಿ ತಟ್ಟೆ ಹಿಡಿದು ತೋಟಕ್ಕೇ ಬಂದಳು. ತಟ್ಟೆಯನ್ನು ಪೆಟ್ಟಿಗೆಯೊಂದರ ಮೇಲೆ ಕುಕ್ಕಿದಳು.

"ತಿನ್ನಿ. ನೀವು ಉಪವಾಸ ಸತ್ರೆ ಆ ಹುಡುಗಿ ಕೇಸು ಬಿಟ್ಟುಹೋಗುತ್ತಾ?"

"ಹಸಿವಿಲ್ಲ ಅಂದೆನಲ್ಲ."

"ಇರುವೆ ಹತ್ತಿತ್ತು ಅಂತ ನಾನು ಸುಳ್ಳು ಹೇಳಿದ್ದು ಯಾರಿಗೋಸ್ಕರ? ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾಯ್ತಾ ಇದೀನಿ. ನನ್ನ ಸೊಸೆ ಮುಂದೆ ನನಗೆ ತಲೆ ಎತ್ತೋಕಾಗ್ತಿಲ್ಲ. ಅವಳಿಗೆ ಗೊತ್ತಾಗಿದೆ, ಕಣ್ರೀ."

"ಏನಂದ್ಲು?"

"ಏನೂ ಅನ್ನಲ್ಲ, ಅದೇ ಕಷ್ಟ! ಒಂದು ಮಾತು ಬೈದಿದ್ರೆ ನಾನೂ ಬೈದು ಹಗುರ ಆಗ್ತಿದ್ದೆ. ಬಾಯಿಬಿಟ್ಟು ಕೇಳಿದ್ರೆ ಮಾವನಿಗೆ ಅವಮಾನ ಅಂತ ಬಾಯಿ ಹೊಲಿದುಕೊಂಡಿದೆ ಆ ಪ್ರಾಣಿ."

"ಸಾಕು ಮಾಡೇ."

"ಸಾಕು ಮಾಡಬೇಕಾದವರು ನೀವು." ಅವಳು ತಟ್ಟೆ ಅಲ್ಲೇ ಬಿಟ್ಟು ಹೋದಳು. ಅವನು ಒಂದು ತುತ್ತು ಕಲಸಿದ. ಅಷ್ಟರಲ್ಲಿ ತಟ್ಟೆಗೆ ಜೇನುಹುಳ ಬಂದು ಕೂತವು, ಓಡಿಸಲಿಲ್ಲ.

ಗಡುವಿಗೆ ಎರಡು ದಿನ ಉಳಿದಿತ್ತು. ಸೊಸೆ ಊಟದ ಮಣೆ ಮುಂದಿಟ್ಟುಕೊಂಡು ಹೇಳಿಕೆ ಬರೆದಿದ್ದಳು. ಮಗ ನಿಂತೇ ಓದಿದ.

"ಇದೇನಿದು? 'ಯಾರದೆಂದು ಖಚಿತವಾಗಲಿಲ್ಲ. ಸರಿಯಾಗಿ ಪರಿಶೀಲಿಸದೆ ಮುಚ್ಚಳಿಕೆ ಕೊಟ್ಟದ್ದು ನನ್ನ ಹೊಣೆ.' ನಿಂಗೇನು ತಲೆ ಕೆಟ್ಟಿದೆಯಾ?"

"ಗೊತ್ತಿರೋದನ್ನ ಮಾತ್ರ ಬರೆದಿದೀನಿ."

"ಸಂಘದವರು ಹೇಳಿದ ಹಾಗೆ ಬರೆದು ಕೈ ತೊಳ್ಕೋ!"

"ಅವಳು ಮಾಡಿಲ್ಲ."

"ಹಾಗಾದ್ರೆ ಯಾರು ಮಾಡಿದ್ದು, ಹೇಳು! ನೀನು ಹೋಗ್ತೀಯಾ ಆ ದೇಶದ ಕೋರ್ಟಿಗೆ? ಅಲ್ಲಿ ಯಾವನು ಕೇಳ್ತಾನೆ ನಿನ್ನ ಮಾತು? ಹೇಳು, ಯಾರು?"

ಸೊಸೆ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. ಅತ್ತೆ ಒಲೆಯ ಕಡೆ ತಿರುಗಿ ನಿಂತಳು.

"ನಾನು," ಎಂದ ಜೇನಜ್ಜ ಬಾಗಿಲಲ್ಲಿ.

ಮಗ ತಿರುಗಿ ನೋಡಿದ. "ಏನಪ್ಪಾ?"

"ನಾನು ಕೊಟ್ಟೆ, ಸಕ್ಕರೆ. ಮಳೇಲಿ."

ಯಾರೂ ಅತ್ತು ಕರೆದು ಮಾಡಲಿಲ್ಲ. ಸೊಸೆ ಬರೆದಿದ್ದ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟು ಹೊಸದೊಂದು ತೆಗೆದಳು. "ಕೂತ್ಕೊಳ್ಳಿ ಮಾವ. ನಾನು ಕೇಳ್ತೀನಿ, ನೀವು ಹೇಳಿ. ಎಷ್ಟು ಪೆಟ್ಟಿಗೆ?"

"ಗೊತ್ತಲ್ಲ ನಿಂಗೆ."

"ನೀವೇ ಹೇಳಬೇಕು."

"ಹದಿನೆಂಟು."

"ಎಷ್ಟು ದಿನ?"

"ಆರು."

"ಗೀಟು ಯಾಕೆ ಎಳೀಲಿಲ್ಲ?"

ಮಗನ ಮುಂದೆ, ಹೆಂಡತಿಯ ಮುಂದೆ, ಮಣೆಯ ಮುಂದೆ ಕೂತ ಸೊಸೆಯ ಮುಂದೆ ಅವನು ಹೆಗಲ ಟವಲನ್ನು ತೆಗೆದು ಮಡಿಸಿದ. ಅವಳು ಪೆನ್ನು ಹಿಡಿದು ಕಾದಳು.

"ನಗ್ತಾರೆ ಅಂತ," ಎಂದ.

ಅವಳು ಅದನ್ನು ಆ ದೇಶದ ಭಾಷೆಯಲ್ಲಿ ಹೇಗೆ ಬರೆದಳೋ ಅವನಿಗೆ ತಿಳಿಯಲಿಲ್ಲ. ಬರೆದದ್ದನ್ನು ಮೊದಲಿಂದ ಕೊನೆವರೆಗೆ ಇಲ್ಲಿನ ಮಾತಿನಲ್ಲಿ ಓದಿ ಹೇಳಿ ಸಹಿ ಮಾಡಿಸಿಕೊಂಡಳು. ಅವನ ಕೆಳಗೆ ತಾನೂ ಸಹಿ ಮಾಡಿದಳು. ಆಮೇಲೆ ಎದ್ದು ಹೋಗಿ ಬಚ್ಚಲಲ್ಲಿ ಬಹಳ ಹೊತ್ತು ಮುಖ ತೊಳೆದಳು.

ಮಗ ತಂದೆಯನ್ನು ನೇರ ನೋಡದೆ ಮಾತಾಡಿದ. "ಆಗಿದ್ದಾಯ್ತು. ಈ ಕಾಗದ ಕಡಲಾಚೆ ಹೋಗುತ್ತೆ. ಇಲ್ಲಿ ಯಾರಿಗೂ ಗೊತ್ತಾಗಬೇಕಾಗಿಲ್ಲ. 'ಕೊಳ್ಳೋರು ಒಪ್ಪಿದ್ರು, ಮೂವತ್ತಾರು ಪೀಪಾಯಿ ಉಳೀತು' ಅಂದ್ರೆ ಸಂಘದವರಿಗೆ ಅಷ್ಟೇ ಸಾಕು. ಆ ಹೆಂಗಸಿನ ಪೆಟ್ಟಿಗೆ ಸುಮ್ನೆ ವಾಪಸ್ ಕೊಟ್ಬಿಡಿ. ಈ ವಯಸ್ಸಲ್ಲಿ ನೀವು ಬೀದೀಲಿ ಮುಖ ಕಳ್ಕೋಬೇಡಿ."

"ಹೌದು ಅಂತೀಯಾ?" ಎಂದ ಜೇನಜ್ಜ. ಅವನ ದನಿಯಲ್ಲಿ ಆಸೆಯಿತ್ತು. ಅದು ಕೇಳಿಸಿ ಹೆಂಡತಿ ತಲೆ ತಗ್ಗಿಸಿದಳು. ಸೊಸೆ ಬಚ್ಚಲಿನಿಂದ ಬಂದು, ಕಾಗದದ ಫೋಟೋ ತೆಗೆದು ಫೋನಿನಲ್ಲೇ ಕಳಿಸಿ, ಮೂಲ ಪ್ರತಿಯನ್ನು ಲಕೋಟೆಗೆ ಹಾಕಿ ಅಂಚೆಗೆ ಹೊರಟಳು.

ಮಾರನೇ ಬೆಳಿಗ್ಗೆ ಹುಳ ಹೊರಡುವ ಮೊದಲು ಜೇನಜ್ಜ ಮೂರು ಪೆಟ್ಟಿಗೆಗಳ ಬಾಯಿಗೆ ಹುಲ್ಲು ತುರುಕಿ, ಗಾಡಿಯಲ್ಲಿಟ್ಟುಕೊಂಡು ತಾನೇ ತಳ್ಳಿಕೊಂಡು ಹೋದ. ಮೂರ್ಪೆಟ್ಟಿಗೆಯಾಕೆ ಅಂಗಡಿಗೆ ಹೊರಡಲು ಲೋಟ ಜೋಡಿಸಿಕೊಳ್ಳುತ್ತಿದ್ದಳು. ಓಡಿ ಬಂದಳು. ಒಂದೊಂದೇ ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿದಳು. ಇಬ್ಬರೂ ಸೇರಿ ಹಳೆಯ ಕಲ್ಲುಗಳ ಮೇಲೆ ಇಳಿಸಿದರು.

"ಹಗುರಾಗಿವೆ," ಎಂದಳು. "ಅರ್ಧಕ್ಕರ್ಧ ಹುಳ ಹೋಗಿವೆ."

"ಹೌದು."

"ಯಾಕೆ ವಾಪಸ್ ಕೊಟ್ರು ಅಜ್ಜ? ನಾನಲ್ಲ ಅಂತ ಗೊತ್ತಾಯ್ತಾ?"

'ಹೌದು' ಎಂದಷ್ಟೇ ಹೇಳಿ ಗಾಡಿ ತಿರುಗಿಸಬಹುದಿತ್ತು. ಅವನು ಗಾಡಿಯ ಹಿಡಿಯನ್ನು ಹಿಡಿದೂ ಇದ್ದ. ಅವಳು ಸೆರಗಿನಿಂದ ನಡುವಿನ ಪೆಟ್ಟಿಗೆಯ ಧೂಳು ಒರೆಸುತ್ತಿದ್ದಳು.

"ನಾನಮ್ಮ, ಅದು," ಎಂದ. "ಸಕ್ಕರೆ ಕೊಟ್ಟಿದ್ದು ನಾನು. ನಿನ್ನ ಮುಚ್ಚಳದ ಗೆರೇನೂ ನೋಡಿದ್ದೆ. ನೋಡಿ ಸುಮ್ಮನಿದ್ದೆ."

ಅವಳ ಕೈ ಧೂಳಿನ ಮೇಲೆಯೇ ನಿಂತಿತು. ಬೈಯುತ್ತಾಳೆ ಎಂದು ಕಾದ, ಬೈದಿದ್ದರೆ ಒಳ್ಳೆಯದಿತ್ತು.

"ಇಲ್ಲಿ ನಾನೊಬ್ಬಳೇ ಇದೀನಿ, ಅಜ್ಜ," ಎಂದಳು ಕೊನೆಗೆ. "ನನ್ನನ್ನ ಅಂದಾಗ ಗಿರಣಿ ಅಂಗಳದಲ್ಲಿ ಹದಿಮೂರು ಮನೆಯವರಿದ್ರು."

ಅವಳು ಪೆಟ್ಟಿಗೆಗಳ ಬಾಯಿಯ ಹುಲ್ಲು ತೆಗೆಯಲು ಬಗ್ಗಿದಳು. ಮತ್ತೆ ಅವನ ಕಡೆ ನೋಡಲಿಲ್ಲ.

ಜೇನಜ್ಜ ಗಾಡಿಯನ್ನು ಅಲ್ಲೇ ಬಿಟ್ಟ. ಕೊರಕಲಿನ ದಾರಿ ಎಡಕ್ಕಿತ್ತು. ಅವನು ಗಿರಣಿ ಬೀದಿ ಹಿಡಿದ. ಗಿರಣಿ ಆಗಲೇ ಶುರುವಾಗಿತ್ತು. ಹಿಟ್ಟಿಗೆ ಬಂದವರು ಅಂಗಳದ ತುಂಬ ಚೀಲ ಇಟ್ಟುಕೊಂಡು ಸಾಲಾಗಿ ಕೂತಿದ್ದರು, ಮುಕ್ಕಾಲು ಪಾಲು ಸಂಘದವರೇ. ಅವನನ್ನು ಕಂಡು ಒಬ್ಬ ಎದ್ದು ಜಾಗ ಬಿಟ್ಟ. "ಸೊಂಟ ಹೇಗಿದೆ ಅಜ್ಜ?" ಎಂದ ಇನ್ನೊಬ್ಬ.

ಜೇನಜ್ಜ ಕೂರಲಿಲ್ಲ. ಒಳಗೆ ಹೋಗಿ, ಹಿಟ್ಟಿನ ಧೂಳಿನಲ್ಲಿ ಬೆಳ್ಳಗೆ ನಿಂತಿದ್ದ ಗಿರಣಿಯವನ ಬಳಿ ಹೇಳಬೇಕಾದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಹದಿನೆಂಟು ಪೆಟ್ಟಿಗೆ, ಮಳೆ, ಗೀಟು, ಆ ಹೆಂಗಸು. ಹೇಳಿ ಮುಗಿಸಿ, ಬೆವರು ಒರೆಸಿಕೊಂಡು, ಮುಗಿಯಿತೆಂದು ನಿಂತ.

ಗಿರಣಿಯವನು ಕಿವಿಯ ಹಿಂದೆ ಅಂಗೈ ಹಿಡಿದು ಬಗ್ಗಿದ. "ಏನಜ್ಜ? ಈ ಸದ್ದಲ್ಲಿ ಒಂದು ಮಾತೂ ಕೇಳಿಸ್ಲಿಲ್ಲ. ತಡೀರಿ, ನಿಲ್ಲಿಸ್ತೀನಿ."

ಯಂತ್ರ ನಿಂತಿತು. ಬೆಲ್ಟು ಎರಡು ಸುತ್ತು ತಾನಾಗಿ ತಿರುಗಿ ಅದೂ ನಿಂತಿತು. ಏನಾಯ್ತು ಎಂದು ಅಂಗಳದಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಬಾಗಿಲಿಗೆ ಬಂದು ತುಂಬಿಕೊಂಡರು. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು, ಯಾರದೋ ಮನೆಯ ಹುಳದ ಸುದ್ದಿ ಇರಬೇಕೆಂದು.

"ಈಗ ಹೇಳಿ," ಎಂದ ಗಿರಣಿಯವನು.

ಜೇನಜ್ಜ ಮೊದಲಿಂದ ಶುರುಮಾಡಿದ.